ತುತ್ತೂರಿಯ ಕೊರಳಲ್ಲಿ ಅರಳೆ

ಹರಿಹರದ ಸೇತುವೆಯ ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮೊದಲು ಕೇಳಿದ್ದು ಬ್ರೇಕಿನ ಕಿರುಚಾಟ. ಅದರ ಜೊತೆಗೇ ಎಂಜಿನ್ನಿನ ಆರ್ಭಟ. ತಲೆಯೆತ್ತುವಷ್ಟರಲ್ಲಿ ಕೆಂಪು ಫಿಯಟ್ ಕಾರೊಂದು ತಿರುವಿನ ಕಲ್ಲುಗೋಡೆ ಒಡೆದುಕೊಂಡು ಬಂದು, ತುಂಗಭದ್ರೆಯ ಬಂಡೆಗಳ ಮೇಲೆ ಅಂಗಾತ ಬಿತ್ತು. ಓಡಿಸುತ್ತಿದ್ದವನು ಕರಿಬಸವರಾಜ, ದಾವಣಗೆರೆಯ ಅರಳೆ ಮಂಡಿ ಮನೆತನದ ಕಿರಿಮಗ. ಹೊರಗೆಳೆಯುವಾಗಲೇ ಜೀವವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೋಟಾರು ಇಲಾಖೆಯ ನಾಗರಾಜಪ್ಪ ಬಂಡೆ ಇಳಿದು ಬಂದ. ಜನ ಅವನನ್ನು ಕರೆಯುತ್ತಿದ್ದುದು ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ. ಮುರಿದ ಗಾಡಿ ಸುಳ್ಳು ಹೇಳುವುದಿಲ್ಲ, ಮನುಷ್ಯರಷ್ಟೇ ಹೇಳುತ್ತಾರೆ ಎಂಬ ನಂಬಿಕೆಯ ಆಸಾಮಿ. ಆದ್ದರಿಂದಲೇ ಏನೋ, ಸ್ನೇಹಿತರು ಕಡಿಮೆ.

"ನೋಡೋದೇನೈತ್ರಿ ಇದ್ರಾಗೆ?" ಎಂದ ಸಬ್ ಇನ್ಸ್‌ಪೆಕ್ಟರ್ ಅಂಜಿನಪ್ಪ. "ಮೆಕ್ಯಾನಿಕ್ ಜಮಾಲುದ್ದೀನ್‌ನ ಆಗ್ಲೇ ಒಳಗೆ ಹಾಕಿಸೀನಿ. ಸತ್ತೋನ ಅಣ್ಣ ಹಾಲೇಶಪ್ಪನೋರು ದೂರು ಕೊಟ್ಟಾರೆ."

ಅಂಜಿನಪ್ಪನಿಗೆ ಕೇಸು ಊಟಕ್ಕೆ ಮುಂಚೆ ಮುಗಿಯಬೇಕು. ನಾಗರಾಜಪ್ಪ ಜನರಿಂದ ಗಾಡಿ ನೆಟ್ಟಗೆ ಮಾಡಿಸಿ ಬಾನೆಟ್ ಎತ್ತಿಸಿದ.

ಒಳಗೆ ಗಾಳಿಗೆ ಪೆಟ್ರೋಲು ಬೆರೆಸುವ ಎರಡು ಕಾರ್ಬ್ಯುರೇಟರ್. ಎರಡರ ಬಾಯಲ್ಲೂ ಗಾಳಿ ಸೋಸುವ ಫಿಲ್ಟರ್ ಇಲ್ಲ. ಹರಿಹರದ ಲೇತಿನಲ್ಲಿ ಕಡೆಸಿದ ಹಿತ್ತಾಳೆಯ ತುತ್ತೂರಿಗಳಿವೆ. ಗಾಳಿ ಸರಾಗವಾಗಿ ನುಗ್ಗಲಿ, ಎಂಜಿನ್ನಿಗೆ ಬಲ ಬರಲಿ ಎಂದು ರೇಸಿನವರು ಹೀಗೆ ಮಾಡುತ್ತಾರೆ. ಆದರೆ ತೆರೆದ ಬಾಯಿಗೆ ಗಾಳಿಯೂ ಒಂದೇ, ಕಸವೂ ಒಂದೇ. ಎಡಗಡೆಯ ತುತ್ತೂರಿಯ ಆಳದಲ್ಲಿ, ಗಾಳಿ ತಡೆಯುವ ತಟ್ಟೆಯ ಅಂಚಿಗೆ, ಅರಳೆಯ ಮುದ್ದೆಯೊಂದು ಸಿಕ್ಕಿಕೊಂಡಿತ್ತು. ಕಾಲು ತೆಗೆದೊಡನೆ ಮುಚ್ಚಬೇಕಿದ್ದ ತಟ್ಟೆ ತೆರೆದೇ ಇತ್ತು.

"ಕಾಲು ತೆಗೆದ್ರೂ ಎಂಜಿನ್ ಇಳಿದಿಲ್ಲ," ಎಂದ ನಾಗರಾಜಪ್ಪ.

"ಅದನ್ನೇ ನಾನೂ ಹೇಳೋದು! ಊರ ತುಂಬ ಜಿನ್ನಿಂಗ್ ಮಿಲ್ಲು, ಗಾಳಿ ತುಂಬ ಅರಳೆ. ಇಂಥಾ ಊರಾಗೆ ಫಿಲ್ಟರ್ ಕಿತ್ತು ತುತ್ತೂರಿ ಹಾಕಿದ್ರೆ ಎಳಕೊಳ್ದೆ ಇರ್ತೈತಾ?"

ನಾಗರಾಜಪ್ಪ ಮುದ್ದೆಯನ್ನು ಚಿಮಟದಿಂದ ಎಳೆದು ಕರವಸ್ತ್ರದಲ್ಲಿ ಸುತ್ತಿಕೊಂಡ. ಬೆರಳಿಗೆ ಏನೋ ಬಿಳಿ ಪುಡಿ ಹತ್ತಿತು. ಬಲಗಡೆಯ ತುತ್ತೂರಿಗೆ ಕಣ್ಣಿಟ್ಟ.

"ಇದು ಯಾಕ್ರಿ ಸ್ವಚ್ಛ ಐತೆ?"

"ಅದರ ಅದೃಷ್ಟ," ಎಂದು ಅಂಜಿನಪ್ಪ ಜೀಪು ಹತ್ತಿದ.

ದಾವಣಗೆರೆಯ ಪೇಟೆ ಅಷ್ಟರಲ್ಲೇ ಕುದಿಯುತ್ತಿತ್ತು. ಜಮಾಲುದ್ದೀನ್‌ನ ಗ್ಯಾರೇಜಿಗೆ ಕಲ್ಲು ಬಿದ್ದಿತ್ತು. ಅವನ ಹೆಂಡತಿ ಸುಗ್ರಾಬಿ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಠಾಣೆಯ ಕಟ್ಟೆಯ ಮೇಲೆ ಕುಳಿತಿದ್ದಳು. "ಇವತ್ತು ಮನೀಗೆ ಹೋಗಬ್ಯಾಡ ಅಂದಾರ್ರಿ ಓಣಿಯೋರು," ಎಂದಳು. ಈ ರಾತ್ರಿಯೊಳಗೇ ಕಲ್ಲಿನ ಜಾಗದಲ್ಲಿ ಬೆಂಕಿ ಬರಬಹುದು.

ಲಾಕಪ್ಪಿನ ಕಂಬಿ ಹಿಡಿದು ಜಮಾಲುದ್ದೀನ್ ಒಂದೇ ಸಮ ತಲೆಯಾಡಿಸಿದ. "ಫಿಲ್ಟರ್ ಹಾಕೇ ಕಳಿಸಿದ್ದೆ ಸಾಹೇಬ್ರೆ. ತುತ್ತೂರಿ ಸಣ್ಣಣ್ಣಾರು ಕರಿಬಸವರಾಜರ ಕೈಗೆ ಕೊಟ್ಟು, ಮದರಾಸಿನ ರೇಸಿಗೆ ಹೋದ ಮ್ಯಾಲೆ ಹಾಕ್ಕೊಳ್ರಿ, ಈ ಊರಾಗೆ ಬ್ಯಾಡ ಅಂದೆ."

"ಎಲ್ಲಿ ಅಂದೆ? ಯಾರ ಎದುರಿಗೆ?"

"ಅವರ ಮನೆ ಪಡಸಾಲ್ಯಾಗೆ. ಅಣ್ಣಾರು ಹಾಲೇಶಪ್ಪನೋರು ಇದ್ರು, ತಾಯಿ ಸರ್ವಮಂಗಳಮ್ಮನೋರು ಇದ್ರು."

"ನೀನು ಅಂದದ್ದು ಹೆಂಗಿತ್ತೋ ಹಂಗೇ ಹೇಳು."

"ಇದ್ರಾಗೆ ಒಂದು ಹಿಡಿ ಅರಳೆ ಹೋದ್ರೆ ಸಾಕು, ಎಂಜಿನ್ ಉಸಿರು ಕಟ್ಟಿ ಗಾಡಿ ಅಲ್ಲೇ ನಿಂತುಬಿಡ್ತೈತೆ ಅಂದೆ."

"ನಿಂತುಬಿಡ್ತೈತೆ ಅಂದ್ಯಾ?"

"ಹೂಂ. ಸಣ್ಣಣ್ಣಾರನ್ನ ಹೆದರಿಸಾಕೆ."

ಗಾಡಿ ನಿಂತಿರಲಿಲ್ಲ. ನಾಗರಾಜಪ್ಪನಿಗೆ ಈ ಕೇಸಿನ ವಾಸನೆಯೇ ಹಿಡಿಸಲಿಲ್ಲ. ಅಂಜಿನಪ್ಪನ ಕಡೆ ತಿರುಗಿ, "ಇವನನ್ನ ನಾಳೆ ಬೆಳಿಗ್ಗೆ ಹಾಲೇಶಪ್ಪನೋರ ಮನೆಗೆ ಕರ್ಕೊಂಡು ಬರ್ರಿ. ಅಲ್ಲೀವರೆಗೂ ಗ್ಯಾರೇಜಿಗೆ ಒಬ್ಬ ಪೇದೆ ಇರಲಿ," ಎಂದ.

ಅಂದು ಸಂಜೆಯೇ ಕರಿಬಸವರಾಜನ ಮಣ್ಣಾಯಿತು. ಮಾರನೆಯ ಬೆಳಿಗ್ಗೆ ನಾಗರಾಜಪ್ಪ ಮನೆಗೆ ಹೋದಾಗ ಹಾಲೇಶಪ್ಪ ಪೂಜೆ ಮುಗಿಸಿ ಹೊರಬಂದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಹಿತ್ತಲ ಬಚ್ಚಲ ಪಕ್ಕದ ತಗಡಿನ ಡಬ್ಬದಲ್ಲಿ, ಸೀಮೆಎಣ್ಣೆಯಲ್ಲಿ ನೆನೆದ ಎರಡು ಏರ್ ಫಿಲ್ಟರುಗಳು ಬಿದ್ದಿದ್ದವು.

"ಇವನ್ನ ಬಿಚ್ಚಿದ್ದು ಯಾರ್ರಿ?"

ಹಾಲೇಶಪ್ಪ ಬೇರೆ ಕಡೆ ನೋಡಿದ. "ತಮ್ಮನೇ. ನಿನ್ನೆ ಬೆಳಿಗ್ಗೆ, ಮದರಾಸಿಗೆ ಹೊರಡೋ ಮುಂಚೆ. ಸೇತುವೆ ತನಕ ಒಮ್ಮೆ ತುತ್ತೂರಿ ಹಾಕಿ ಓಡಿಸಿ ನೋಡ್ತೀನಿ ಅಂದ."

"ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಸತ್ತೋನ ಮ್ಯಾಲೆ ತಪ್ಪು ಹೊರಿಸಬೇಕಾ?"

"ಬದುಕಿರೋನ ಮ್ಯಾಲೆ ಹೊರಿಸಬಹುದಾ?"

ಹಾಲೇಶಪ್ಪನ ಮುಖ ಕಪ್ಪಿಟ್ಟಿತು.

"ರೇಸು ಬ್ಯಾಡ ಅಂತ ನೀವು ಜಗಳ ಆಡಿದ್ರಂತೆ?"

"ಆಡಿದ್ದೆ. ಅವ್ವ ಊಟ ಬಿಟ್ಟಿದ್ಲು. ಅಪ್ಪಾರೂ ಗಾಡಿ ಕೆಳಗೇ ಸಿಕ್ಕು ಹೋದೋರು. ಜಗಳ ಆಡ್ದೆ ಏನ್ ಮಾಡ್ಲಿ?"

"ತುತ್ತೂರಿ ಹಾಕಿ, ಬಾನೆಟ್ ತೆರೆದಿಟ್ಟು ಅವನು ಎಲ್ಲಿಗೆ ಹೋದ?"

"ಸ್ನಾನಕ್ಕೆ, ಪೂಜೆಗೆ. ನಾನು ಅಷ್ಟೊತ್ತಿಗೆ ಮಂಡಿಯಾಗಿದ್ದೆ, ಹಮಾಲರನ್ನ ಕೇಳ್ರಿ. ನನ್ನನ್ನೇ ಅನುಮಾನಿಸ್ತೀರೇನು?"

ನಾಗರಾಜಪ್ಪ ಒಳಗೆ ಬಂದ. ಪಡಸಾಲೆಯ ಕಂಬಕ್ಕೊರಗಿ ಸರ್ವಮಂಗಳಮ್ಮ ಕುಳಿತಿದ್ದಳು. ಅವಳ ಪಕ್ಕದ ಬುಟ್ಟಿಯಲ್ಲಿ ಬೀಜ ಬಿಡಿಸಿದ ಅರಳೆ ಹಾಗೆಯೇ ಇತ್ತು. ದೇವರ ಜಗಲಿಯ ಮೇಲೆ ಹಿತ್ತಾಳೆಯ ದೀಪ. ಅದರಲ್ಲಿ ಎಣ್ಣೆ ತುಂಬಿತ್ತು, ಬತ್ತಿ ಇರಲಿಲ್ಲ.

"ನಿಮ್ಮಲ್ಲಿ ಸೂತಕ ಹಿಡಿಯೋದಿಲ್ಲ, ಅಲ್ವ್ರಾ?"

"ಇಲ್ಲ. ಸಾವಿಗೆ ನಮ್ಮಲ್ಲಿ ಪೂಜೆ ನಿಲ್ಲಂಗಿಲ್ಲ."

"ಮತ್ತೆ ದೀಪ ಯಾಕ ಹಚ್ಚಿಲ್ಲ?"

"ಬತ್ತಿ ಹೊಸೆಯೋಳು ಅವ್ವ. ನಿನ್ನೆಯಿಂದ ಅರಳೆ ಮುಟ್ಟಿಲ್ಲ. ನೋಡಿದ್ರೆ ನಡುಗ್ತಾಳೆ."

ಹೊರಗೆ ಜೀಪು ನಿಂತಿತು. ಅಂಜಿನಪ್ಪ ಕೋಳ ಹಾಕಿದ ಜಮಾಲುದ್ದೀನ್‌ನನ್ನು ಒಳಗೆ ತಂದ. ಬಾಗಿಲಾಚೆ ಜನ ಸೇರುತ್ತಿದ್ದರು. ಯಾರೋ ಕೆಟ್ಟದಾಗಿ ಬೈದರು. ನಾಗರಾಜಪ್ಪ ಬಾಗಿಲು ಹಾಕಿಸಿದ. ಇನ್ನು ತಡಮಾಡುವಂತಿರಲಿಲ್ಲ.

"ಹೇಳ್ರಿ ಸ್ವಾಮಿ," ಎಂದ ಅಂಜಿನಪ್ಪ. "ಯಾಕ ಕರೆಸಿದ್ರಿ?"

ನಾಗರಾಜಪ್ಪ ಕರವಸ್ತ್ರ ಬಿಡಿಸಿದ. "ಗಾಳ್ಯಾಗಿನ ಅರಳೆ ಹಿಂಗಿರಲ್ಲ. ಎಳೆ ಎಳೆಯಾಗಿ, ಮಸಿ ಹಿಡಿದು, ಎರಡೂ ತುತ್ತೂರಿಗೆ ಹತ್ತಬೇಕಿತ್ತು. ಇದು ಒಂದ್ರಾಗೇ ಸಿಕ್ಕಿದ್ದು. ಅದೃಷ್ಟ ಅಂದ್ರಿ ನೀವು. ಅದೃಷ್ಟ ಅಲ್ಲ, ಕೈ. ಯಾರೋ ತುರುಕ್ಯಾರೆ."

"ಯಾರು?" ಹಾಲೇಶಪ್ಪ ಮುಂದೆ ಬಂದ.

"ಊರಾಗೆ ನಿಧಾನ ಹೋಗುವಾಗ ಇದು ಕೊರಳಾಗೇ ಕೂತಿತ್ತು. ಹೊರಗೆ ಹೋಗಿ ಪೂರ್ತಿ ತುಳಿದಾಗ ಒಳಗೆ ಎಳಕೊಂಡು ತಟ್ಟೆಗೆ ಸಿಕ್ಕೈತೆ. ತಟ್ಟೆ ಮುಚ್ಚಿಲ್ಲ, ಎಂಜಿನ್ ಇಳಿದಿಲ್ಲ. ಮುದ್ದೆ ಬಿಡಿಸಿ ನೋಡ್ರಿ. ಒಳಗೆ ಹೊಸೆದ ಬತ್ತಿಗಳು. ಈ ಬಿಳಿ ಪುಡಿ? ವಿಭೂತಿ. ಹೊಸೆಯುವಾಗ ಬೆರಳು ಜಾರಬಾರದು ಅಂತ ಹಚ್ಕೊಳ್ಳೋದು. ಎಂಜಿನ್ ಗೊತ್ತಿರೋನು ಗಾಡಿ ಕೆಡಿಸಾಕೆ ಸಾವಿರ ದಾರಿ ಹುಡುಕ್ತಾನೆ. ಇದು ಎಂಜಿನ್ ಗೊತ್ತಿಲ್ಲದೋರ ಕೆಲಸ. ಅರಳೆ ಹೋದ್ರೆ ಗಾಡಿ ನಿಲ್ತೈತೆ ಅಂತ ಈ ಪಡಸಾಲ್ಯಾಗೆ ಕೇಳಿಸ್ಕೊಂಡೋರ ಕೆಲಸ. ತುರುಕೋವಾಗ ಅವರ ಮಡಿಲಾಗೆ ಇದ್ದದ್ದು ಆ ದಿನದ ದೀಪದ ಬತ್ತಿಗಳು."

ಅವನು ಕಂಬದ ಕಡೆ ತಿರುಗಿದ. "ಅಮ್ಮಾ, ಹಾಕಿದೋರು ನೀವು."

ಹಾಲೇಶಪ್ಪ ಗೋಡೆ ಹಿಡಿದುಕೊಂಡ. ಸರ್ವಮಂಗಳಮ್ಮ ತನ್ನ ಬೆರಳುಗಳನ್ನೇ ನೋಡುತ್ತ ಮಾತಾಡಿದಳು.

"ಮದರಾಸಿಗೆ ಹೋಗಬಾರ್ದು ಅಂತಷ್ಟೇ ಹಾಕಿದ್ದು. ಓಣಿ ದಾಟೋದ್ರಾಗೆ ನಿಲ್ತೈತೆ ಅಂದ್ಕೊಂಡಿದ್ದೆ. ಬೈಕೋತ ಬರ್ತಾನೆ, ಬೈಲಿ ಅಂತ ರೊಟ್ಟಿ ಬಡೀತಾ ಕೂತಿದ್ದೆ."

"ಇವನನ್ನ ಹಿಡಿದಾಗ ಯಾಕ ಸುಮ್ಮನಿದ್ರಿ?"

"ಇವನ ತುತ್ತೂರಿನೇ ಕೊಂದಿದ್ದು ಅಂತ ನಂಬಿದ್ರೆ ನಾನು ಕೊಂದಂಗಾಗಲ್ಲ ಅಲ್ಲ..."

ಜಮಾಲುದ್ದೀನ್‌ನ ಕಣ್ಣಲ್ಲಿ ನೀರು ಬಂತು. ಕೋಪದಿಂದಲ್ಲ. ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಆ ನೋಟ ನೋಡಲಾಗದೆ ನಾಗರಾಜಪ್ಪ ಜಗಲಿಯ ಕಡೆ ಮುಖ ತಿರುಗಿಸಿದ.

"ನಿಲ್ತೈತೆ ಅಂದ್ಯಲ್ಲೋ ಜಮಾಲು," ಎಂದಳು ಸರ್ವಮಂಗಳಮ್ಮ. "ಯಾಕ ನಿಲ್ಲಲಿಲ್ಲ?"

ಅಂಜಿನಪ್ಪ ಜಮಾಲುದ್ದೀನ್‌ನ ಕೋಳ ಬಿಚ್ಚಿದ. ಬಿಚ್ಚಿದ ಕೋಳವನ್ನು ಏನು ಮಾಡಬೇಕೆಂದು ತಿಳಿಯದೆ, ಕೈಯಲ್ಲಿ ಹಿಡಿದುಕೊಂಡೇ ಪಡಸಾಲೆಯ ನಡುವೆ ನಿಂತ.