ನಾರಿಹಳ್ಳದ ಚಿಗಟ

ಮಚ್ಚು ನನ್ನ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಹಿಂದೆ ಕಬ್ಬು. ಮುಂದೆ ಕಬ್ಬು. ಎಡಕ್ಕೆ, ಬಲಕ್ಕೆ... ಅಲ್ಲೂ ಕಬ್ಬು!

ಮಚ್ಚು ಹಿಡಿದವನು ಓಬಳೇಶ. ಎಮ್ಮಿಗನೂರಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿ. ಆರಡಿ ಆಳು. ಬೆಳಗ್ಗೆಯಿಂದ ಕಡಿದೂ ಕಡಿದೂ ಕೈ ಬಿಸಿಯಾಗಿತ್ತು. ಇನ್ನೊಂದು ಕಡಿಯೋಕೆ ಅವನಿಗೇನೂ ಕಷ್ಟವಿರಲಿಲ್ಲ.

"ನಮ್ಮಪ್ಪನ್ನ ಯಾಕ ಹುಡುಕಾಕತ್ತಿಬೇ?"

"ನಿಮ್ಮಪ್ಪ ಒಂದು ಡಬ್ಬಿ ತಂದಾನ. ಅದು ಬೇಕು."

"ಅದರಾಗ ಏನೈತಿ? ಹಂಪಿ ಮೂರ್ತಿ? ಬಂಗಾರ?"

"ಚಿಗಟ."

"ಏನು?"

"ಚಿಗಟ ಲೇ! ನಾಯಿ ಮೈಮ್ಯಾಲ ಜಿಗೀತಾವಲ್ಲ, ಅವು! ಹನ್ನೆರಡು. ಎಲ್ಲಾ ಸತ್ತಾವ."

ಓಬಳೇಶ ಯೋಚನೆ ಮಾಡಿದ. ಹಣೆಯ ನರ ಉಬ್ಬಿತು.

"ಸುಳ್ಳು ಹೇಳಿದ್ರೂ ಒಂದು ಅಳತಿ ಇರಬೇಕಬೇ!"

ಮಚ್ಚು ಮೇಲೆದ್ದಿತು.

ನಾನು ಕೆಳಗೆ ಬಿದ್ದಿದ್ದ ಕಬ್ಬಿನ ರವದಿ ಎರಡೂ ಕೈಯಲ್ಲಿ ಬಾಚಿ ಅವನ ಮುಖಕ್ಕೆ ಎರಚಿದೆ. ಒಣಗಿದ ಎಲೆ, ಧೂಳು, ಇರುವೆ... ಎಲ್ಲಾ ಕಣ್ಣಿಗೆ! ಅವನು ಬೈಯುವಷ್ಟರಲ್ಲಿ ನಾನು ಸಾಲಿನ ನಡುವೆ ನುಗ್ಗಿದ್ದೆ. ಬದುವಿನ ಮೇಲೆ ಟ್ರ್ಯಾಕ್ಟರ್ ನಿಂತಿತ್ತು. ಎಂಜಿನ್ ಆನ್. ಹಿಂದಿನ ಟ್ರೇಲರ್ ತುಂಬ ಕಬ್ಬು. ಡ್ರೈವರ್ ಬೀಡಿ ಹಚ್ಚಲು ಅತ್ತ ಹೋಗಿದ್ದ.

ಹತ್ತಿದೆ. ಗೇರ್ ಹಾಕಿದೆ. ಹೊರಟೇ ಬಿಟ್ಟೆ!

ನನ್ನ ಹೆಸರು ಎರ್ರೆಮ್ಮ. ಯಶವಂತನಗರದ ಗಣಿಯಲ್ಲಿ ಹನ್ನೊಂದು ವರ್ಷ ಡಂಪರ್ ಓಡಿಸಿದವಳು. ನಮ್ಮ ಕಡೆ ಲಾರಿ ಕಳೆದರೆ ಮಾಲೀಕರು ಪೊಲೀಸರಿಗಿಂತ ಮೊದಲು ನನಗೆ ಫೋನ್ ಮಾಡುತ್ತಾರೆ. ಹದಿನಾರು ಚಕ್ರದ ಲಾರಿಯನ್ನು ಗಾದಿಗನೂರಿನ ಹುಲ್ಲಿನ ಬಣವೆಯೊಳಗಿಂದ ಎಳೆದು ತಂದಿದ್ದೇನೆ. ಟ್ರ್ಯಾಕ್ಟರ್ ಯಾವ ಲೆಕ್ಕ?

ಟಾರ್ ರಸ್ತೆಯಲ್ಲಿ ನನ್ನ ಜೀಪು ಕಾಯುತ್ತಿತ್ತು. ಪಕ್ಕದ ಸೀಟಿನಲ್ಲಿ ಪಲ್ಲವಿ, ಎರಡೂ ಕೈ ಬಾಯಿಗೆ ಒತ್ತಿಕೊಂಡು ಕೂತಿದ್ದಳು.

"ಅಕ್ಕಾ, ಟ್ರ್ಯಾಕ್ಟರ್ ಕದ್ದ್ರೇನು?"

"ಇಲ್ಲವ್ವ. ಲೋನ್ ತಗೊಂಡೆ."

ಕೀ ಕಿತ್ತು ಕಾಲುವೆಯ ಆಚೆ ದಂಡೆಗೆ ಎಸೆದೆ. ಜೀಪಿಗೆ ಹಾರಿದೆ.

"ಡಬ್ಬಿ ಒಯ್ದ ಅಜ್ಜ ಸಿಕ್ಕನಾ?"

"ಇಲ್ಲ. ಅವನ ಹೆಂಡ್ತಿ ಕರೆಮ್ಮ ಸಿಕ್ಕಳು. ಮಜ್ಜಿಗಿ ಕೊಟ್ಟಳು. ಯಾರಂತ ಸೈತ ಕೇಳಲಿಲ್ಲ. 'ಸಂಡೂರಿನ ನಾರಿಹಳ್ಳಕ್ಕ ಹೋಗ್ಯಾನ, ಬುತ್ತಿ ಮರ್ತಾನ, ಕೊಡ್ತೀಯೇನವ್ವ' ಅಂದಳು."

ಜೇಬಿನಿಂದ ಬುತ್ತಿಗಂಟು ತೆಗೆದು ಅವಳ ತೊಡೆಯ ಮೇಲಿಟ್ಟೆ.

ಗಂಟೆ ಹತ್ತೂವರೆ. ನಮಗಿದ್ದ ಗಡುವು ನಾಲ್ಕು!

ವಿಷಯ ಇಷ್ಟೇ. ಅವತ್ತು ಬೆಳಗ್ಗೆ ಏಳಕ್ಕೆ ಪಲ್ಲವಿ ಹೊಸಪೇಟೆಯ ನನ್ನ ಆಫೀಸಿಗೆ ಅಳುತ್ತ ಬಂದಳು. ನಮ್ಮೂರ ಹುಡುಗಿ. ಚಿಗಟದ ಮೇಲೆ ರಿಸರ್ಚ್ ಮಾಡುತ್ತಾಳೆ.

"ಅಕ್ಕಾ, ಲೋನ್ ತಗೊಂಡಿದ್ದು ಕಳೀತು."

"ಯಾವ ಬ್ಯಾಂಕು?"

"ಬ್ಯಾಂಕಲ್ಲ. ಮ್ಯೂಸಿಯಂ. ಹೊರದೇಶದ್ದು."

ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಆನೆ ಎಲುಬು ಇಟ್ಟ ಹಾಗೆ ಚಿಗಟಗಳನ್ನೂ ಇಡುತ್ತಾರಂತೆ. ಗಾಜಿನ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಚೀಟಿ ಹಚ್ಚಿ. ಓದುವವರು ಕೇಳಿದರೆ ಲೋನ್ ಕೊಡುತ್ತಾರೆ. ಲೈಬ್ರರಿ ಪುಸ್ತಕದ ಹಾಗೆ. ಒಯ್ಯಬೇಕು, ನೋಡಬೇಕು, ಡೇಟಿಗೆ ಸರಿಯಾಗಿ ವಾಪಸ್ ಕೊಡಬೇಕು.

"ಇವತ್ತು ಕೊನೇ ದಿನ ಅಕ್ಕಾ. ಸಂಜಿ ನಾಕಕ್ಕ ಕೊರಿಯರ್ ಗಾಡಿ. ತಪ್ಪಿದ್ರ ನಮ್ಮ ಇನ್‌ಸ್ಟಿಟ್ಯೂಟಿಗೆ ಜನ್ಮದಾಗ ಇನ್ನೊಂದು ಚಿಗಟ ಕಳಿಸಂಗಿಲ್ಲ. ನನ್ನ ಓದು ಅಲ್ಲಿಗೇ ಮುಗೀತು. ಅದ್ರಾಗೂ ಏಳನೇ ಸ್ಲೈಡು... ಆ ಜಾತಿಯಾಗ ಜಗತ್ತಿಗೆಲ್ಲ ಸಿಕ್ಕಿರೋ ಗಂಡು ಅದೊಂದೇ!"

"ಗಂಡು ಸಿಗೋದು ಎಲ್ಲಾ ಜಾತ್ಯಾಗೂ ಕಷ್ಟ ಐತಿ ಬಿಡು."

ಪಲ್ಲವಿ ನಗಲಿಲ್ಲ. ಸರಿ, ಕೆಲಸದ ಮಾತಿಗೆ ಬಂದೆ.

ಹಿಂದಿನ ದಿನ ಲೈಬ್ರರಿ ಹಾಲಿನಲ್ಲಿ ಅವಳ ಭಾಷಣವಿತ್ತು. ಡಬ್ಬಿ ಬ್ಯಾಗಿನಲ್ಲಿತ್ತು. ಮನೆಗೆ ಹೋಗಿ ನೋಡಿದರೆ ಡಬ್ಬಿ ಇಲ್ಲ. ಅದರ ಜಾಗದಲ್ಲಿ, ಅದರ ತೂಕಕ್ಕೆ ಸರಿಯಾಗಿ ಎರಡು ಗೆಣ್ಣು ಕಬ್ಬು!

"ಭಾಷಣದಾಗ ಯಾರಾದ್ರೂ ತಕರಾರು ಮಾಡಿದ್ರಾ?"

"ತಕರಾರಲ್ಲ. ಒಬ್ಬ ಅಜ್ಜ ಎದ್ದ. ಏಳನೇ ಸ್ಲೈಡಿನ ಚಿಗಟ ಐವತ್ತಾರು ವರ್ಷದ ಹಿಂದ ಮುಳ್ಳುಹಂದಿ ಬೆನ್ನ ಮ್ಯಾಲ ಸಿಕ್ಕಿತ್ತು ಅಂತ ನಾ ಹೇಳಿದ್ದೆ. 'ಬೆನ್ನಲ್ಲವ್ವ, ಎಡಗಿವಿ ಹಿಂದ' ಅಂದ. ಎಲ್ಲರೂ ನಕ್ಕರು."

ನಾನು ನಗಲಿಲ್ಲ. ಐವತ್ತಾರು ವರ್ಷದ ಹಿಂದೆ ಒಂದು ಚಿಗಟ ಎಲ್ಲಿ ಕೂತಿತ್ತು ಅಂತ ಯಾರಿಗೆ ಗೊತ್ತಿರುತ್ತದೆ? ಹಿಡಿದವನಿಗೆ!

ಲೈಬ್ರರಿಯ ಹಾಜರಿ ಪುಸ್ತಕ ತೆಗೆಸಿದೆ. ಕಬ್ಬಿನ ಊರಿನವನು ಒಬ್ಬನೇ ಇದ್ದ. ದುಂಡಗಿನ ಅಕ್ಷರ. ಪಕೀರಪ್ಪ, ಎಮ್ಮಿಗನೂರು. ಕಳ್ಳ ಹಾಜರಿ ಹಾಕಿ ಕದ್ದಿದ್ದ!

ಈಗ ಜೀಪು ಕಂಪ್ಲಿ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಬೈಕು ಕಂಡಿತು. ಓಬಳೇಶ. ತಲೆ ತುಂಬ ರವದಿ. ಮಚ್ಚು ಹ್ಯಾಂಡಲಿಗೆ ಸಿಕ್ಕಿಸಿದ್ದ.

"ಅಕ್ಕಾ, ಹಿಂದ..."

"ನೋಡ್ದೆ. ಗಟ್ಟಿ ಹಿಡ್ಕ!"

ಕಮಲಾಪುರದಲ್ಲಿ ಟೂರಿಸ್ಟ್ ಬಸ್ಸುಗಳು ರಸ್ತೆಗೆ ಅಡ್ಡ ನಿಂತಿದ್ದವು. ಸ್ಟೇರಿಂಗ್ ತಿರುಗಿಸಿ ಹಂಪಿ ದಾರಿ ಹಿಡಿದೆ. ಬಾಳೆತೋಟ. ಕಲ್ಲುಬಂಡೆ. ಮೊಪೆಡ್ ಮೇಲೆ ಬಿಳಿಯರು. ಒಬ್ಬಳು ನಮ್ಮನ್ನು ನೋಡಿ ಕೈ ಬೀಸಿದಳು. ಪಲ್ಲವಿಯೂ ಬೀಸಿದಳು! ಓಬಳೇಶ ನಮ್ಮ ಬಂಪರಿಗೆ ಅಂಟಿಕೊಂಡೇ ಬಂದ.

"ನಿಲ್ಸಬೇ! ನಮ್ಮಪ್ಪನ್ನ ಜೈಲಿಗೆ ಹಾಕಾಕ ನಾ ಬಿಡಂಗಿಲ್ಲ!"

"ಚಿಗಟ ರೀ! ಬರೇ ಚಿಗಟ!" ಪಲ್ಲವಿ ಹಿಂದಕ್ಕೆ ತಿರುಗಿ ಕೂಗಿದಳು.

"ನೀನೂ ಅದನ್ನ ಹೇಳ್ತೀಯಲ್ಲಬೇ!"

ಕಡ್ಡಿರಾಂಪುರದ ಹತ್ತಿರ ಕುರಿಹಿಂಡು ಅಡ್ಡ ಬಂತು. ನಾನು ಕೂದಲೆಳೆಯಲ್ಲಿ ಪಾರು. ಅವನು ನೂರು ಕುರಿಗಳ ನಡುವೆ ಬೈಕ್ ಸಮೇತ ತೇಲುತ್ತ ನಿಂತ. ಪಲ್ಲವಿಗೆ ನಗು ಹತ್ತಿತು. ಎಂಥ ನಗು ಅಂದರೆ, ಹೊಸಪೇಟೆ ದಾಟಿ ಸಂಡೂರಿನ ಗುಡ್ಡ ಏರುವವರೆಗೂ ನಿಲ್ಲಲಿಲ್ಲ. ಬೆಳಗ್ಗೆ ಅತ್ತವಳೇ ಇವಳು ಅಂತ ನಂಬಿಕೆ ಬರಲಿಲ್ಲ. ನನಗೂ ಹತ್ತಿತು. ವೃತ್ತಿಗೆ ಒಳ್ಳೆಯದಲ್ಲ!

ನಾರಿಹಳ್ಳದಲ್ಲಿ ಪಕೀರಪ್ಪ ನೀರಿನ ನಡುವಿನ ಬಂಡೆಯ ಮೇಲೆ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ. ಬಿಳಿ ಧೋತರ. ಪಕ್ಕದಲ್ಲಿ ಮರದ ಡಬ್ಬಿ. ಒಂದು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು, ಗಾಜಿನ ಪಟ್ಟಿಯನ್ನು ಬಿಸಿಲಿಗೆ ಹಿಡಿದಿದ್ದ.

ಏಳನೇ ಸ್ಲೈಡು.

"ಯಜ್ಜಾ, ಅದನ್ನ ಕೊಡು."

ಅವನು ತಿರುಗಿದ. ಕೈ ಚಾಚಿದ. ಎರಡು ಬೆರಳ ನಡುವೆ ಸ್ಲೈಡು. ಕೆಳಗೆ ಕಪ್ಪು ಕಲ್ಲು.

"ಇನ್ನೊಂದು ಹೆಜ್ಜಿ ಇಟ್ಟೀರಿ... ಬಿಟ್ಟುಬಿಡ್ತೀನಿ!"

ಪಲ್ಲವಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟಳು. ಅಷ್ಟರಲ್ಲಿ ಹಿಂದೆ, ಕುರಿಗಳಿಂದ ಬಿಡಿಸಿಕೊಂಡು ಬಂದ ಓಬಳೇಶನ ಬೈಕು ಕಿರ್ರೆಂದಿತು.

"ಎಪ್ಪಾ! ಏನದು ಕೈಯಾಗ?"

"ಚಿಗಟಪ್ಪ."

ಓಬಳೇಶ ನನ್ನ ಮುಖ ನೋಡಿದ. ಅಪ್ಪನ ಮುಖ ನೋಡಿದ. ಮಚ್ಚು ಮೆಲ್ಲಗೆ ಕೆಳಗಿಳಿಯಿತು.

"ನಿನಗೇನು ಬೇಕು ಯಜ್ಜಾ?" ಅಂದೆ.

"ಚೀಟಿ ಓದ್ರಿ. ಜೋರಾಗಿ."

ಪಲ್ಲವಿಗೆ ಬಾಯಿಪಾಠವಾಗಿತ್ತು. "ಸಂಡೂರು, ನಾರಿಹಳ್ಳ. ಡಿಸೆಂಬರ್ ಹತ್ತೊಂಬತ್ತುನೂರಾ ಅರವತ್ತೊಂಬತ್ತು. ಮುಳ್ಳುಹಂದಿ ಮೈಯಿಂದ. ಕಲೆಕ್ಟರ್..." ಒಬ್ಬ ದೊಡ್ಡ ಸಾಹೇಬರ ಹೆಸರು ಹೇಳಿದಳು.

"ಕಲೆಕ್ಟರ್ ಅಂದ್ರ?" ಓಬಳೇಶ ಕೇಳಿದ.

"ಚಿಗಟ ಹಿಡಿದವ್ರು."

"ಆ ಸಾಹೇಬ ಹಿಡಿದ್ನಂತ!" ಮುದುಕ ಗುಡುಗಿದ. "ಪ್ಲೇಗ್ ಸರ್ವೆ ಅಂತ ಬಂದಿದ್ರು. ಯಾವ ಪ್ರಾಣಿ ಮ್ಯಾಲ ಎಂಥಾ ಚಿಗಟ ಐತಿ ಅಂತ ನೋಡಾಕ. ಅವತ್ತು ಸಾಹೇಬ ಸರಕಾರಿ ಬಂಗಲೇದಾಗ ಚಳಿಜ್ವರ ಅಂತ ಮಲಗಿದ್ದ. ಬೋನು ಇಟ್ಟವ ನಾನು. ಮುಳ್ಳು ಚುಚ್ಚಿಸ್ಕೊಂಡವ ನಾನು. ಕಿವಿ ಹಿಂದ ಬಾಚಣಿಗಿ ಹಾಕಿ ಇದನ್ನ ಇಳಿಸಿದವ ನಾನು! ದಿನಗೂಲಿಯವನ ಹೆಸರು ಯಾರು ಬರೀತಾರ? ನಿನ್ನೆ ಈ ಹುಡುಗಿನ್ನ ಒಂದು ಸಲ ಕೈಗೆ ಕೊಡು ಅಂತ ಕೇಳಿದೆ."

"ರೂಲ್ಸ್ ಇಲ್ಲಜ್ಜ..." ಪಲ್ಲವಿಯ ದನಿ ಸಣ್ಣದಾಯಿತು.

"ಅದಕ್ಕ ನಾನೂ ಒಂದು ದಿನದ ಲೋನ್ ತಗೊಂಡೆ. ಸಂಜೀಕ ತಂದು ಕೊಡ್ತಿದ್ದೆ. ಐವತ್ತಾರು ವರ್ಷ ಪರದೇಶದಾಗ ಕುಂತೈತಿ. ಒಮ್ಮಿ ತನ್ನ ಹಳ್ಳ ನೋಡ್ಲಿ ಅಂತ ಕರ್ಕೊಂಡು ಬಂದೆ."

ಕತೆ ಕೇಳಿ ಕರಗುವವಳಾದರೆ ನಾನು ಒಂದು ಲಾರಿಯನ್ನೂ ವಾಪಸ್ ತರುತ್ತಿರಲಿಲ್ಲ.

"ಬಾಯಿಮಾತು ಸಾಲಂಗಿಲ್ಲ ಯಜ್ಜಾ. ಸಾಕ್ಷಿ?"

ಮುದುಕ ಅಂಗಿಯೊಳಗಿಂದ ಒಂದು ಪುಸ್ತಕ ತೆಗೆದು ನನ್ನತ್ತ ಎಸೆದ. ಅಂಗೈಯಗಲದ ನೋಟ್‌ಬುಕ್. ಹಾಳೆ ಹಳದಿಯಾಗಿತ್ತು. ಅದೇ ದುಂಡಗಿನ ಅಕ್ಷರ. ಪ್ರತಿ ಪುಟದ ಕೆಳಗೆ ಸಾಹೇಬನ ಸಹಿ.

ಪಲ್ಲವಿ ಪುಟ ತಿರುಗಿಸಿದಳು. ಬೆರಳು ಒಂದು ಕಡೆ ನಿಂತಿತು.

"೧೧೪. ಮುಳ್ಳುಹಂದಿ. ಎಡಗಿವಿ ಹಿಂದೆ. ಚಿಗಟ ಒಂದು... ಅಕ್ಕಾ!"

"ಏನು?"

"ಸ್ಲೈಡಿನ ಚೀಟಿ ಮೂಲ್ಯಾಗ ಸಣ್ಣ ಗುರುತು ಐತಿ. ಮ್ಯೂಸಿಯಂ ಲಿಸ್ಟಿನ್ಯಾಗ 'ಓದಲು ಬಾರದ ಮಸಿ ಕಲೆ' ಅಂತ ಬರದಾರ. ಕಲೆ ಅಲ್ಲ ಅಕ್ಕಾ, ಕನ್ನಡ ಅಂಕಿ! ನೂರಾ ಹದಿನಾಲ್ಕು! ಇದು ಯಾವುದರ ನಂಬರ್ ಅಂತ ಎರಡು ವರ್ಷದಿಂದ ತಲಿ ಕೆಡಿಸ್ಕೊಂಡೀನಿ!"

"ನಾನ ಬರ್ದಿದ್ದು," ಅಂದ ಪಕೀರಪ್ಪ. "ಸಾಹೇಬ ಹೆಸರು ಬರಕೊಂಡ. ನಂಬರ್ ಅಳಿಸೋದು ಮರ್ತ."

ಪಲ್ಲವಿ ನೀರಿಗಿಳಿದಳು. ಮೊಣಕಾಲುದ್ದ ನೀರಲ್ಲಿ ನಿಂತು ಕೈ ಮುಗಿದಳು.

"ಅಜ್ಜಾ, ಹಳೇ ಚೀಟಿ ಕೀಳಂಗಿಲ್ಲ. ಆದ್ರ ಹೊಸ ಚೀಟಿ ಜೊತಿಗೆ ಇಡಬಹುದು. ನೋಡಿದವರು ತಾವು ಕಂಡ ಸತ್ಯ ಬರೆದು ಕಳಿಸ್ತಾರ, ಅದು ರೂಢಿ ಐತಿ. ನಿಮ್ಮ ಹೆಸರು ಬರೀತೀನಿ. ಈ ಪುಟದ ಫೋಟೊನೂ ಕಳಿಸ್ತೀನಿ. ಇನ್ನು ಮುಂದ ಈ ಚಿಗಟ ಕೇಳೋರೆಲ್ಲ ನಿಮ್ಮ ಹೆಸರು ಓದ್ಬೇಕು."

"ಊರ ಹೆಸರು?"

"ಅದನ್ನೂ."

ಮುದುಕ ಸ್ಲೈಡನ್ನು ಅವಳತ್ತ ಚಾಚಿದ. ಎದ್ದು ನಿಂತ. ಒದ್ದೆ ಬಂಡೆ. ಕಾಲು ಜಾರಿತು!

ಸ್ಲೈಡು ಗಾಳಿಗೆ ಹಾರಿತು. ಬಿಸಿಲಲ್ಲಿ ಒಮ್ಮೆ ಮಿಂಚಿತು...

ಅವನನ್ನು ನಾನು ನೀರಿಗೆ ನುಗ್ಗಿ ಹಿಡಿದೆ. ಸ್ಲೈಡಿಗೆ ಹಾರಿದವನು ಓಬಳೇಶ. ಆರಡಿ ದೇಹ ಉದ್ದಕ್ಕೆ ನೀರಿಗೆ ಬಿತ್ತು. ಧಡಾರ್! ನೀರು ನಮ್ಮೆಲ್ಲರ ತಲೆಯ ಮೇಲೆ ಸುರಿಯಿತು. ಆಮೇಲೆ ಹಳ್ಳದ ಮೇಲೆ ಕಂಡದ್ದು ಒಂದೇ ಒಂದು ಕೈ. ಕೈಯಲ್ಲಿ ಸ್ಲೈಡು. ಇಡೀ! ಒಣ!

"ಅಂಚಿಗೆ ಹಿಡಿ ಲೇ, ಬೆರಳಚ್ಚು ಮೂಡ್ತೈತಿ!" ಪಕೀರಪ್ಪ ನನ್ನ ತೋಳಿನಲ್ಲಿ ನೇತಾಡುತ್ತಲೇ ಕೂಗಿದ.

ನಾವು ಹೊರಟಾಗ ಎರಡೂಮುಕ್ಕಾಲು. ಅದಿರಿನ ಲಾರಿಗಳು ಎರಡು ಮೈಲಿ ಸಾಲುಗಟ್ಟಿದ್ದವು. ಓಬಳೇಶ ಬೈಕಿನಲ್ಲಿ ಮುಂದೆ ಹೋದ. ಒದ್ದೆ ಬಟ್ಟೆಗೆ ಕೆಂಪು ಧೂಳು ಮೆತ್ತಿ ಮಣ್ಣಿನ ಗೊಂಬೆಯಾಗಿದ್ದ. "ಎರ್ರಕ್ಕ ಬರಾಕತ್ತಾಳ, ದಾರಿ ಬಿಡ್ರಲೇ!" ಅಂತ ಕೂಗುತ್ತಿದ್ದ. ಡ್ರೈವರ್‌ಗಳಿಗೆ ನನ್ನ ಪರಿಚಯ ಚೆನ್ನಾಗಿದೆ. ಕೆಲವರು ಹೇಳುವ ಮೊದಲೇ ಲಾರಿಯನ್ನು ಪಕ್ಕಕ್ಕೆ ಸರಿಸಿದರು. ಯಾಕೆ ಅಂತ ಆಮೇಲೆ ವಿಚಾರಿಸಬೇಕು!

ಪಲ್ಲವಿ ಡಬ್ಬಿಯನ್ನು ಪಕೀರಪ್ಪನ ಮಡಿಲಿಗೇ ಕೊಟ್ಟಿದ್ದಳು. ಜೀಪು ಎಗರಿದಾಗಲೆಲ್ಲ ಡಬ್ಬಿಯನ್ನು ಅವನು ಮಗುವಿನ ಹಾಗೆ ಮೇಲೆತ್ತುತ್ತಿದ್ದ. ಹಾಡಿನ ಹಾಗೆ ಏನೋ ಗುನುಗುತ್ತಿದ್ದ.

ಹೊಸಪೇಟೆಯ ಕೊರಿಯರ್ ಆಫೀಸು. ಗಂಟೆ ಮೂರು ಐವತ್ತೆಂಟು. ಗುಮಾಸ್ತ ಪ್ರವೀಣ ಶಟರ್‌ಗೆ ಕೈ ಹಾಕಿದ್ದ.

"ಮುಗೀತು ಮೇಡಂ. ನಾಳೆ ಬರ್ರಿ."

"ಎರಡು ನಿಮಿಷ ಐತ್ರಿ!" ಪಲ್ಲವಿ ಹೊಸ ಚೀಟಿ ಸಮೇತ ಡಬ್ಬಿ ಇಟ್ಟಳು. ಮ್ಯೂಸಿಯಮ್ಮಿನ ವಾಪಸಾತಿ ಫಾರಂ ಬಿಡಿಸಿದಳು. ಬರೆಯುತ್ತ ಹೋದಳು. ಕೊನೆಯ ಸಾಲಿಗೆ ಪೆನ್ನು ನಿಂತಿತು.

"ಅಕ್ಕಾ... ವಸ್ತು ಬೇರೆ ಯಾರ ಕೈಗಾದ್ರೂ ಹೋಗಿತ್ತಾ, ಯಾರ ಕೈಗೆ, ಅಂತ ಕೇಳ್ಯಾರ. ಸುಳ್ಳು ಬರಿಯಂಗಿಲ್ಲ."

"ಸುಳ್ಳು ಯಾಕ? ಕಲೆಕ್ಟರ್ ಕೈಯಾಗಿತ್ತು ಅಂತ ಬರಿ."

ಪ್ರವೀಣನ ಕೈ ಶಟರಿನಿಂದ ಜಾರಿತು.

"ಕಲೆಕ್ಟರ್? ಈಗ... ಈಗೆಲ್ಲದಾರ್ರಿ ಸಾಹೇಬ್ರು?"

"ಹೊರಗ. ಜೀಪಿನ್ಯಾಗ ಕುಂತಾರ. ಜಲ್ದಿ ಆಗ್ಲಿ ಅಂದಾರ."

ಸೀಲು ಬಿತ್ತು. ಸ್ಟಿಕ್ಕರ್ ಬಿತ್ತು. ಡಬ್ಬಿ ಗಾಡಿಗೆ ಏರಿತು. ಇಷ್ಟು ಬೇಗ ಕೆಲಸ ಮಾಡಿದ ಗುಮಾಸ್ತನನ್ನು ನಾನು ಹೊಸಪೇಟೆಯಲ್ಲಿ ಕಂಡಿಲ್ಲ. ಆಮೇಲೆ ಅವನು ಅಂಗಿ ಸರಿಮಾಡಿಕೊಂಡು ಹೊರಗೋಡಿದ. ಜೀಪಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ ಪಕೀರಪ್ಪನಿಗೆ ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದ!

ಪಕೀರಪ್ಪ ರೊಟ್ಟಿಯನ್ನು ಎಡಗೈಗೆ ಬದಲಿಸಿ, ಗಂಭೀರವಾಗಿ ಸಲ್ಯೂಟ್ ತಿರುಗಿಸಿದ.

ನಾನು ಅಡ್ಡ ಬಾಯಿ ಹಾಕಲಿಲ್ಲ. ಆ ಸಲ್ಯೂಟ್ ಆಗಲೇ ಐವತ್ತಾರು ವರ್ಷ ಲೇಟಾಗಿತ್ತು.