ತುದಿಯ ಲೇಪ

“ನೀವು ಇದನ್ನ ಮುಟ್ಟಿದ್ರಾ?”

ನಾನಾಗಿ ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಇಷ್ಟು ವಾರ ಅವನು ಮಾತಾಡುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ನಿನ್ನ ಬಾಯಿಗೆ ಬೀಗ, ಕಣ್ಣಿಗಿಲ್ಲ ಎಂದು ಅಕ್ಕ ಛೇಡಿಸುವುದು ಸುಳ್ಳಲ್ಲ.

ಬಣ್ಣದ ಕಾರ್ಖಾನೆಯ ಸಂಸ್ಕರಿಸಿದ ನೀರು ಹೊರಬೀಳುವ ಚೇಂಬರಿನಲ್ಲಿ, ಕೂದಲೆಳೆಯಂಥ ಆಪ್ಟಿಕಲ್ ಫೈಬರನ್ನು ನಾನೇ ಇಳಿಬಿಟ್ಟಿದ್ದೆ. ನೀರಿನಲ್ಲಿ ವಿಷವಿದ್ದರೆ ಅದರ ತುದಿಯಿಂದ ಮರಳುವ ಬೆಳಕು ಮಂಕಾಗಬೇಕು. ಮಂಕಾಗಲೇ ಇಲ್ಲ. ಆದರೆ ಬಾಟಲಿಯಲ್ಲಿ ಒಯ್ದ ಅದೇ ನೀರಿನಲ್ಲಿ ಲ್ಯಾಬಿನವರಿಗೆ ವಿಷಕಾರಿ ಕ್ರೋಮಿಯಂ ಸಿಕ್ಕಿತ್ತು.

“ಯಾರೋ ಕೈಯಾಡಿಸಿದ್ದಾರೆ,” ಎಂದಿದ್ದರು ಮಾಲಿನ್ಯ ಮಂಡಳಿಯ ನಮ್ಮ ಸರ್, ಬೆಳಗ್ಗೆ ಫೋನಿನಲ್ಲಿ. “ಯಾರು ಅಂತ ತಿಳ್ಕೊಂಡು ಹೇಳಮ್ಮ. ಪೊಲೀಸ್ ಕಂಪ್ಲೇಂಟ್ ಕೊಡ್ಬೇಕು.”

ಚೇಂಬರಿನ ಬೀಗದ ಕೈ ಇದ್ದದ್ದು ಪ್ಲಾಂಟ್ ಆಪರೇಟರ್ ಆದ ಇವನೊಬ್ಬನ ಬಳಿ.

“ಹೂಂ, ಮುಟ್ಟಿದ್ದೆ,” ಎಂದ.

ಸುಳ್ಳನ್ನಾದರೂ ಹೇಳಬಾರದಿತ್ತೇ.

“ಮ್ಯಾನೇಜರ್ ಹೇಳಿದ್ರಾ?”

“ಯಾರೂ ಹೇಳಿಲ್ಲ.” ಅವನ ಕಿವಿ ಕೆಂಪಾಯಿತು. “ನೀವು ಬರೋ ದಿನ ಒರೆಸಿ ಇಡ್ತಿದ್ದೆ. ತುದೀಲಿ ನೀಲಿ ಕೊಳೆ ಕೂತಿತ್ತು. ಮೊದಲ ಸಲ ನಿಮ್ಮ ತೋಳೆಲ್ಲ ಕೆಸರಾಗಿತ್ತಲ್ಲ, ಪಾಪ ಅನ್ನಿಸ್ತು. ಕನ್ನಡಕ ಒರೆಸೋ ಬಟ್ಟೇಲೇ ಒರೆಸಿದ್ದು. ಒಂದು ಗೀರೂ ಬಿದ್ದಿಲ್ಲ, ಬೇಕಾದ್ರೆ ನೋಡಿ.”

“ಅದು ಕೊಳೆಯಲ್ಲ,” ಎಂದೆ. “ಕ್ರೋಮಿಯಂ ಹಿಡಿಯೋ ಲೇಪ. ಅದಿಲ್ಲದಿದ್ರೆ ಸೆನ್ಸರ್ ಕುರುಡು.”

ಅವನ ಮುಖ ಬಿಳಿಚಿಕೊಂಡಿತು. ನಂಬಲೋ, ಬಿಡಲೋ? ಚೀಲದಿಂದ ಲೇಪವಿದ್ದ ಹೊಸ ಎಳೆ ತೆಗೆದು ನೀರಿಗಿಳಿಸಿದೆ. ಇಬ್ಬರೂ ಬೆಳಕು ಅಳೆಯುವ ಮೀಟರಿನ ಮೇಲೆ ಬಾಗಿದೆವು. ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು.

ಅಂಕಿ ಇಳಿಯಿತು. ಮತ್ತೆ ಇಳಿಯಿತು.

ಅವನು ಯಾರನ್ನೂ ಕೇಳಲಿಲ್ಲ. ಎದ್ದು ಹೋಗಿ, ನೀರು ಹೊರಬಿಡುವ ವಾಲ್ವನ್ನು ಎರಡೂ ಕೈಯಲ್ಲಿ ತಿರುಗಿಸಿ ಮುಚ್ಚಿದ.

“ಮ್ಯಾನೇಜರ್ ಸುಮ್ನೆ ಬಿಡ್ತಾರಾ?”

“ಬೈಲಿ. ನೀವು ಮಾತು ಬಿಡೋದಕ್ಕಿಂತ ವಾಸಿ.”

ನಾನು ಯಾವಾಗ ಮಾತಾಡಿದ್ದೆ, ಬಿಡುವುದಕ್ಕೆ?

ಫೋನ್ ಬಡಿದುಕೊಂಡಿತು. “ಯಾರಮ್ಮ ಅದು?” ಎಂದರು ಸರ್.

“ಸರ್, ಆಪರೇಟರ್ ಕೊಳೆ ಅಂದ್ಕೊಂಡು ಲೇಪ ಒರೆಸಿದ್ದಾರೆ. ತಪ್ಪು ನಂದು. ಅದನ್ನ ಮುಟ್ಟಬಾರದು ಅಂತ ನಾನು ಹೇಳೇ ಇರ್ಲಿಲ್ಲ. ನೀರು ಕೆಟ್ಟಿದೆ ಅಂತ ಗೊತ್ತಾದ ತಕ್ಷಣ ವಾಲ್ವ್ ಮುಚ್ಚಿದ್ದೂ ಅವರೇ.”

ಒಂದೇ ಉಸಿರಿಗೆ ಅಷ್ಟು ಮಾತು ನಾನು ಮನೆಯಲ್ಲೂ ಆಡಿದವಳಲ್ಲ.

“ಅದನ್ನೇ ಬರೆದು ಕಳಿಸು,” ಎಂದರು ಸರ್.

“ಇನ್ಮೇಲೆ ಒರೆಸಲ್ಲ,” ಎಂದ ಅವನು, ಕನ್ನಡಕದ ಬಟ್ಟೆಯನ್ನು ಮಡಿಸುತ್ತ. “ಆದ್ರೆ ನೀವು ಬರೋ ದಿನ ನನ್ನ ಕೈ ಸುಮ್ನಿರಲ್ಲ. ಏನು ಮಾಡ್ಲಿ?”

“ಗೇಟ್ ಹತ್ರ ಬಂದು ನಿಂತ್ಕೊಳ್ಳಿ,” ಎಂದೆ, ಕಣ್ಣು ತಗ್ಗಿಸದೆ. “ನಾನೇ ಮಾತಾಡಿಸ್ತೀನಿ.”