ಆಕ್ಟೋಪಸ್ ಮತ್ತು ಮೊಸರನ್ನ

ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಚಮಚವೊಂದು ಸ್ಟೀಲ್ ಡಬ್ಬಿಯ ತಳಕ್ಕೆ ತಾಗಿತು. ಸಣ್ಣ ಸದ್ದು. ಆದರೆ ವರ್ಣಿಕಾ ಸಣ್ಣ ಸದ್ದಿಗೇ ಎಚ್ಚರವಾಗುವವಳು.

ಎದ್ದು ಹೋಗಿ ನೋಡಿದಳು. ಫ್ರಿಜ್ಜಿನ ಬೆಳಕಿನಲ್ಲಿ ನಿಂತು ನೀರಜ್ ಮೊಸರನ್ನ ತಿನ್ನುತ್ತಿದ್ದ. ಕಣ್ಣು ಅರ್ಧ ಮುಚ್ಚಿತ್ತು, ಬಹಳ ದಿನಗಳ ಮೇಲೆ ಮನೆ ಸೇರಿದವನ ಹಾಗೆ.

"ಹಸಿವಾಯ್ತಾ?"

ಅವನು ಬೆಚ್ಚಿದ. "ಇಲ್ಲ ಇಲ್ಲ. ಸ್ವಲ್ಪ ಅಸಿಡಿಟಿ."

ಆ ಸುಳ್ಳು ಅವನ ಮೀಸೆಗೆ ಅಂಟಿದ ಮೊಸರಿನಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

ನೀರಜ್ ಹಡಗಿನಲ್ಲಿ ಥರ್ಡ್ ಇಂಜಿನಿಯರ್, ಮೈಸೂರಿನವನು. ಹಡಗು ರಿಪೇರಿಗೆ ನಿಂತಾಗ ಆ ಪರದೇಶದ ಬಂದರಿನ ಹತ್ತಿರ, ಸೆಂಬವಾಂಗ್‌ನಲ್ಲಿ ವರ್ಣಿಕಾ ಮತ್ತು ಅಮ್ಮ ಇದ್ದ ಫ್ಲ್ಯಾಟಿನ ಹಿಂದಿನ ರೂಮಿಗೆ ಬಾಡಿಗೆಗೆ ಬಂದಿದ್ದ. ಬಂದವನು ಊಟದ ಮೇಜಿನ ಮೇಲೆ ಸಮುದ್ರವನ್ನೇ ಹರಡಿದ. ಬೂಸಾನಿನಲ್ಲಿ ತಾನು ತಿಂದ, ತಟ್ಟೆಯಲ್ಲೇ ಮಿಸುಕಾಡುತ್ತಿದ್ದ ಆಕ್ಟೋಪಸ್, ಪೆರುವಿನಲ್ಲಿ ಬೆಂಕಿಯಿಲ್ಲದೆ ನಿಂಬೆರಸದಲ್ಲೇ ಹದವಾದ ಮೀನು. ಜೊತೆಗೆ ಡೆಕ್ಕಿನ ಕೆಲಸಗಾರರ ಮುಖ್ಯಸ್ಥ, ಬೋಸನ್ ಸಂಪತ್: ಗಿಳಿ ಚಿತ್ರದ ಅಂಗಿ ತೊಟ್ಟು ಗುರುತಿಲ್ಲದವರ ಮದುವೆಗೆ ನುಗ್ಗಿ, ಗಂಡಿನ ಕಡೆಯವನೆಂದು ಹೇಳಿ, ಕುಣಿದು, ಉಂಡು, ಮದುಮಗನ ಅಜ್ಜಿಯ ಹತ್ತಿರ ಆಶೀರ್ವಾದವನ್ನೂ ಪಡೆದು ಬಂದವನು. ಆಕ್ಟೋಪಸ್ ಹೇಗಿತ್ತು ಎಂದರೆ ನೀರಜ್, ಗುಜ್ಜೆ ಪಲ್ಯ ಸರಿಯಾಗಿ ಬೇಯದಿದ್ದ ಹಾಗೆ ಎಂದಿದ್ದ. ಗುಜ್ಜೆ ಎಂದರೆ ಎಳೆ ಹಲಸು ಎಂದು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು.

ಅಮ್ಮ ಸರಳಾ ತಿಳಿಸಾರು ಮಾಡುವುದನ್ನೇ ಬಿಟ್ಟಳು. ಲೋಕವೆಲ್ಲ ಉಂಡವನಿಗೆ ಅದನ್ನು ಬಡಿಸಲು ನಾಚಿಕೆಯಂತೆ. ಮಾಂಸ ಮುಟ್ಟದ ಮನೆಯಾದ್ದರಿಂದ ಸೋಯಾದಿಂದಲೇ ಮಾಡಿದ ಹುಸಿ ಬಾತುಕೋಳಿ, ತೆಂಗಿನಹಾಲಿನ ನೂಡಲ್ಸಿಗೆ ಅಣಬೆ ಹಾಕಿದ ಲಕ್ಸಾ, ದಿನಕ್ಕೊಂದು. ಅವನು ಎಲ್ಲವನ್ನೂ "ಸೂಪರ್ ಆಂಟಿ" ಎಂದು ನುಂಗುತ್ತಿದ್ದ.

ವರ್ಣಿಕಾ ಕತೆ ಕೇಳಿ ನಗುತ್ತಿದ್ದಳು. ನಗುವಾಗ ಅವನತ್ತ ನೋಡುವುದು, ಅವನು ನೋಡಿದ ಕೂಡಲೇ ತಟ್ಟೆಯತ್ತ ತಿರುಗುವುದು ರೂಢಿಯಾಯಿತು. ಒಂದು ಸಂಜೆ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗ, ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ಅವನು, ಮದುವೆ ಆಗ್ತೀರಾ ಎಂದು ಕೇಳಿಬಿಟ್ಟ. ಹಡಗು ಹೊರಡುವ ಮೊದಲು ಹೇಳುತ್ತೇನೆ ಎಂದಿದ್ದಳು. ಭಾನುವಾರ ಹಡಗು ಹೊರಡುವುದಿತ್ತು.

ಅವಳ ಕೆಲಸ ವಿಮಾ ಕಂಪನಿಯಲ್ಲಿ. ಜನ ಹೇಳಿದ್ದು ಎಲ್ಲಿ ತಾಳೆಯಾಗುವುದಿಲ್ಲ ಎಂದು ಹುಡುಕುವುದು. ಒಂದು ಸುಳ್ಳು ಸಿಕ್ಕಿದರೆ ಮಿಕ್ಕಿದ್ದನ್ನೂ ನಂಬಬಾರದು. ಅಡುಗೆಮನೆಯಲ್ಲಿ ನೀರಜ್‌ನದೊಂದು ಸಿಕ್ಕಿತ್ತು. ವರ್ಷದ ಹೆಚ್ಚು ಪಾಲು ಸಮುದ್ರದ ಮೇಲಿರುವ ಗಂಡ. ಅವನ ಮಾತನ್ನೂ ನಂಬಲಾಗದಿದ್ದರೆ ಹೆಂಡತಿಯ ಕೈಯಲ್ಲಿ ಉಳಿಯುವುದೇನು?

ಶನಿವಾರ ಸಂಪತ್ ಇಬ್ಬರನ್ನೂ ಸಾಲು ಊಟದಂಗಡಿಗಳ ಹಾಕರ್ ಸೆಂಟರಿಗೆ ಕರೆದ. ಅಂಗಿಯ ಮೇಲೆ ನಿಜಕ್ಕೂ ಗಿಳಿಗಳಿದ್ದವು. ಗಡ್ಡಕ್ಕೆ ಮದರಂಗಿ, ಒಂದು ಕಿವಿಯಲ್ಲಿ ರಿಂಗು. ಬಾಳೆಲೆಯ ಮೇಲೆ ಸುಟ್ಟ ಮೀನು ಮೇಜಿಗೆ ಬಂದದ್ದೇ ನೀರಜ್ ಕಬ್ಬಿನಹಾಲು ತರುತ್ತೇನೆಂದು ಎದ್ದು ಹೋದ. ಅವನು ಉಸಿರು ಬಿಗಿಹಿಡಿದದ್ದನ್ನು ವರ್ಣಿಕಾ ನೋಡಿದಳು. ಆಕ್ಟೋಪಸ್ಸಿನ ಮಾತು ಅವಳೇ ಎತ್ತಿದಳು.

"ತೀನ್ ಸಾಬ್ ತಿಂದದ್ದಾ?" ಸಂಪತ್ ಗಡ್ಡ ಕುಲುಕಿ ನಕ್ಕ. ಹಡಗಿನಲ್ಲಿ ಥರ್ಡ್ ಇಂಜಿನಿಯರನ್ನು ಹಾಗೆಯೇ ಕರೆಯುವುದು. "ಅವರು ಮೊಟ್ಟೆ ಸಹ ಮುಟ್ಟುದಿಲ್ಲ ಮೇಡಂ. ತಿಂದದ್ದು ನಾನು. ಅವರು ಎದುರು ಕೂತು ಬಾಳೆಹಣ್ಣು ತಿಂದ್ರು."

ಆಮೇಲೆ ಎಲ್ಲ ಹೊರಬಂತು. ವರ್ಣಿಕಾಳ ಮನೆಗೆ ಬಂದಾಗಿನಿಂದ ಹಡಗಿನಲ್ಲಿ ಟೀ ಹೊತ್ತಿಗೆ ನೀರಜ್ ಸಂಪತ್‌ನ ಬೆನ್ನು ಹತ್ತುತ್ತಿದ್ದನಂತೆ, ಇನ್ನೊಂದು ಊಟ ಹೇಳು ಎಂದು. ರುಚಿಯಾಗಿತ್ತು ಎಂದರೆ ಸಾಲದು, ಯಾವುದರ ಹಾಗೆ ಎಂದು ಕೇಳುತ್ತಿದ್ದನಂತೆ. ಗುಜ್ಜೆ ಪಲ್ಯದ ಹಾಗೆ ಎಂದವನು ಸಂಪತ್.

"ಯಾಕೆ ಸಾಬ್ ಅಂತ ಕೇಳಿದೆ. 'ಆ ಹುಡುಗಿ ಯಾವಾಗ್ಲೂ ಏನೋ ಕೆಟ್ಟದ್ದು ಆಗ್ಬಿಡುತ್ತೆ ಅನ್ನೋ ಥರ ಇರ್ತಾಳೆ ಕಣೋ. ನಾನು ಈ ಕತೆ ಹೇಳ್ವಾಗ ಮಾತ್ರ ಮರೀತಾಳೆ' ಅಂದ್ರು."

ಸುಳ್ಳು ಹೇಳುವವರು ಏನಾದರೂ ಗಿಟ್ಟಿಸಿಕೊಳ್ಳುತ್ತಾರೆ. ವರ್ಣಿಕಾಳಿಗೆ ಗೊತ್ತಿದ್ದ ಲೆಕ್ಕ ಅದು. ಈ ಮನುಷ್ಯನಿಗೆ ಗಿಟ್ಟಿದ್ದು ಸೋಯಾ ಬಾತುಕೋಳಿ, ಅರ್ಧಹೊಟ್ಟೆ, ಮತ್ತು ಅವಳ ನಗು.

ನೀರಜ್ ಗ್ಲಾಸುಗಳೊಂದಿಗೆ ಬಂದ. ಏನು ಮಾತಾಡ್ತಿದ್ರಿ ಎಂದು ಕೇಳಿದ. ಸಂಪತ್ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಅವಳ ಚಪ್ಪಲಿ ಅವನ ಬೂಟನ್ನು ತುಳಿಯಿತು.

"ಆಕ್ಟೋಪಸ್ ವಿಷಯ. ಇವರಿಗೆ ನಿಮ್ಮಷ್ಟು ಚೆನ್ನಾಗಿ ಹೇಳೋಕೆ ಬರಲ್ಲ," ಎಂದಳು. ಗ್ಲಾಸಿನತ್ತ ನೋಡುತ್ತಾ ಮುಂದುವರಿಸಿದಳು: "ಪ್ರತಿ ಸಲ ಬಂದಾಗ್ಲೂ ಕತೆ ನಂಗೇ ಮೊದಲು ಹೇಳ್ಬೇಕು. ಮದುವೆ ಆದ್ಮೇಲೂ."

ಕಬ್ಬಿನಹಾಲು ತುಳುಕಿ ಮೇಜಿನ ಮೇಲೆ ಹರಿಯಿತು. ಅವನಿಗೆ ಗ್ಲಾಸು ಕೆಳಗಿಡುವುದು ಮರೆತೇ ಹೋಗಿತ್ತು.

"ಅಂದ್ರೆ..."

"ಅಂದ್ರೆ ಹೂಂ ಅಂತ." ಈ ಸಲ ಅವಳು ತಟ್ಟೆಯತ್ತ ತಿರುಗಲಿಲ್ಲ.

ಆ ರಾತ್ರಿ ಅಮ್ಮ ಮಲಗಿದ ಮೇಲೆ ಅವಳೇ ಅನ್ನಕ್ಕೆ ಇಟ್ಟು, ಮೊಸರು ಕಲಸಿ, ಸಾಸಿವೆ ಶುಂಠಿಯ ಒಗ್ಗರಣೆ ಹಾಕಿ, ಡಬ್ಬಿಯನ್ನು ಫ್ರಿಜ್ಜಿನಲ್ಲಿ ಮುಂದೆಯೇ ಇಟ್ಟಳು. ಪಕ್ಕದಲ್ಲಿ ಉಪ್ಪಿನಕಾಯಿ. ಸ್ಟೀಲ್ ಚಮಚಗಳನ್ನೆಲ್ಲ ಒಳಗಿಟ್ಟು, ಮುಚ್ಚಳದ ಮೇಲೆ ಮರದ ಚಮಚವೊಂದನ್ನು ಬಿಟ್ಟಳು.

ಮಲಗಿ ಕಿವಿಗೊಟ್ಟಳು. ಫ್ರಿಜ್ಜಿನ ಬಾಗಿಲು ತೆರೆಯಿತು. ಆಮೇಲೆ ಎಷ್ಟು ಹೊತ್ತಾದರೂ ಚಮಚದ ಸದ್ದು ಕೇಳಿಸಲಿಲ್ಲ.

ಆಕ್ಟೋಪಸ್ ತಿಂದದ್ದು ಯಾರೆಂದು ಅಮ್ಮನಿಗೆ ಹೇಳುವುದಿಲ್ಲ. ತನಗೆ ಗೊತ್ತೆಂದು ಅವನಿಗಂತೂ ಯಾವತ್ತೂ ಹೇಳುವುದಿಲ್ಲ. ಹಾಗೆಂದು ನಿಶ್ಚಯಿಸಿ, ದಿಂಬಿಗೆ ಮುಖ ಒತ್ತಿ, ವರ್ಣಿಕಾ ಒಬ್ಬಳೇ ನಕ್ಕಳು.